ಭಾನುವಾರದ ಡ್ರಾಫ್ಟ್

ಎಂಟು ಜನ ಸೇರಿ ಒಂದು ಕೆಲಸ ಮಾಡೋಣ ಅಂತ ಹೊರಟರೆ, ಕೆಲಸ ಆಗುತ್ತದೋ ಇಲ್ಲವೋ, ಹೇಳಿಕೊಂಡು ನಗುವುದಕ್ಕೆ ನಾಲ್ಕು ಸಂಗತಿಯಂತೂ ಸಿಕ್ಕೇ ಸಿಗುತ್ತದೆ. ನನಗೆ ಒಂದು ವರ್ಷ ಪೂರ್ತಿ ಸಿಗುತ್ತಲೇ ಇದ್ದವು.

ಆಗ ನಾನು ಚಾಮರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಮನೆ ಶಂಕರಪುರಂನಲ್ಲಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು, ಬೀದಿಗೊಂದು ಬ್ರೌಸಿಂಗ್ ಸೆಂಟರ್ ಇದ್ದ ಕಾಲ. ಊರೆಲ್ಲ ಕ್ರಿಕೆಟ್ಟು ಕ್ರಿಕೆಟ್ಟು ಅನ್ನುವಾಗ ನನಗೆ ಫುಟ್‌ಬಾಲಿನ ಹುಚ್ಚು. ನನ್ನಂಥವರೇ ಏಳು ಜನ ಇಂಟರ್‌ನೆಟ್ಟಿನಲ್ಲಿ ಸಿಕ್ಕರು. ಎಂಟು ಜನರೂ ಸೇರಿ ಒಂದು ಪಂದ್ಯಾವಳಿ ನಡೆಸುವುದು ಅಂತಾಯಿತು. ಇದರಲ್ಲಿ ನಾವು ಯಾರೂ ಓಡಬೇಕಾಗಿಲ್ಲ. ಓಡುವವರು ಇಂಗ್ಲೆಂಡಿನಲ್ಲಿ ಓಡುತ್ತಾರೆ. ನಾವು ಇಲ್ಲಿ ಕೂತು, ಅಲ್ಲಿನ ಆಟಗಾರರನ್ನು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿ ತಂಡ ಕಟ್ಟಬೇಕು. ಒಬ್ಬ ತೆಗೆದುಕೊಂಡ ಆಟಗಾರ ಇನ್ನೊಬ್ಬನಿಗೆ ಸಿಗುವುದಿಲ್ಲ. ಅವನು ಅಲ್ಲಿ ಗೋಲು ಹೊಡೆದರೆ ನಮಗೆ ಇಲ್ಲಿ ಅಂಕ. ಹೀಗೆ ಆರಿಸುವುದಕ್ಕೆ ಡ್ರಾಫ್ಟ್ ಅಂತ ಹೆಸರು. ನಿಯಮಗಳನ್ನೆಲ್ಲ ಪೂರ್ತಿ ಓದಿದವನು ನಾನೊಬ್ಬನೇ ಆದ್ದರಿಂದ ನಡೆಸುವ ಹೊಣೆ ನನ್ನ ತಲೆಗೆ ಬಂತು.

ಡ್ರಾಫ್ಟ್ ಇದೆ ಅಂತ ಭಾನುವಾರ ಬೆಳಗ್ಗೆ ಮನೆಯಿಂದ ಹೊರಟರೆ ನನ್ನ ಹೆಂಡತಿಯ ಕಡೆಯವರೆಲ್ಲ ಅದು ಬ್ಯಾಂಕಿನ ಡ್ರಾಫ್ಟ್ ಅಂತಲೇ ತಿಳಿದಿದ್ದರು. ರಜೆಯ ದಿನವೂ ಅಳಿಯಂದಿರು ದುಡಿಯುತ್ತಾರೆ ಅಂತ ನಮ್ಮ ಮಾವನವರು ನಾಲ್ಕು ಜನರ ಮುಂದೆ ಹೇಳಿಕೊಂಡರು. ನಾನು ತಿದ್ದಲಿಲ್ಲ. ಆ ಮನೆಯಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು.

ರಾಹುಕಾಲ

ಎಂಟು ಜನರಲ್ಲಿ ಒಬ್ಬ ಹನುಮಂತನಗರದವನು. ವಿಮಾ ಕಚೇರಿಯಲ್ಲಿ ಕೆಲಸ, ನನಗಿಂತ ಮೂರು ವರ್ಷ ಚಿಕ್ಕವನು. ಫುಟ್‌ಬಾಲಿನ ವಿಷಯದಲ್ಲಿ ಲೋಕಜ್ಞಾನಿ, ಆದರೆ ಪಂಚಾಂಗ ನೋಡದೆ ಮನೆಯ ಹೊಸಿಲು ದಾಟುವವನಲ್ಲ.

ನಾನು ಮೊದಲು ಡ್ರಾಫ್ಟಿಗೆ ಭಾನುವಾರ ಸಂಜೆ ನಾಲ್ಕೂವರೆ ಅಂತ ಇಟ್ಟಿದ್ದೆ. ಅವನು ಫೋನ್ ಮಾಡಿ, ಸರಿಯಾಗಿ ನಾಲ್ಕೂವರೆಗೇ ರಾಹುಕಾಲ ಶುರು, ಆಗ ಆರಿಸಿದ ಆಟಗಾರ ಕಾಲು ಮುರಿದುಕೊಳ್ಳುತ್ತಾನೆ ಅಂದ. ಆಟಗಾರರು ಇರುವುದು ಇಂಗ್ಲೆಂಡಿನಲ್ಲಿ, ಅಲ್ಲಿ ಆಗಿನ್ನೂ ಮಧ್ಯಾಹ್ನ, ನಮ್ಮ ರಾಹು ಅಲ್ಲಿಗೆ ಹೇಗೆ ಹೋಗುತ್ತಾನೆ ಅಂತ ಕೇಳಿದೆ. ಅವನು ಸ್ವಲ್ಪ ಯೋಚನೆ ಮಾಡಿ, ಆಡುವವರು ಅಲ್ಲಿದ್ದರೂ ಆರಿಸುವವರು ಇಲ್ಲಿದ್ದೇವಲ್ಲ ಅಂದ. ವಾದ ಬೇಡ ಅಂತ ಬೆಳಗ್ಗೆ ಹತ್ತಕ್ಕೆ ಬದಲಾಯಿಸಿದೆ.

ಭಾನುವಾರ ನಾವು ನಾಲ್ಕು ಜನ ನಮ್ಮ ಬೀದಿಯ ಬ್ರೌಸಿಂಗ್ ಸೆಂಟರಿನಲ್ಲಿ ಸೇರಿದೆವು. ಪ್ಲೈವುಡ್ಡಿನ ಗೂಡುಗಳಲ್ಲಿ ಒಬ್ಬೊಬ್ಬರೇ ಕೂತೆವು. ಮಲ್ಲೇಶ್ವರದ ಮೂವರು ಮತ್ತು ಕುಮಾರ ಪಾರ್ಕಿನ ಒಬ್ಬ ತಮ್ಮ ತಮ್ಮ ಮನೆಯ ಕಂಪ್ಯೂಟರಿನಲ್ಲಿ. ಹತ್ತು ಗಂಟೆಗೆ ಶುರುವಾಯಿತು. ಹತ್ತೂ ಐದಕ್ಕೆ ಕರೆಂಟ್ ಹೋಯಿತು. ಯಾವಾಗ ಬರುತ್ತದೆ ಅಂತ ಕೇಳಿದರೆ ಸೆಂಟರಿನ ಯಜಮಾನರು ಮೇಣದ ಬತ್ತಿ ಹಚ್ಚುತ್ತಾ, ಹನ್ನೆರಡಕ್ಕೆ ಬಂದರೂ ಬರಬಹುದು ಅಂದರು.

ಡ್ರಾಫ್ಟ್ ನಡೆಯುತ್ತಿದ್ದ ಇಂಟರ್‌ನೆಟ್ ಸೈಟಿನ ನಿಯಮ ಏನೆಂದರೆ, ಸರದಿ ಬಂದಾಗ ನಾವು ಆರಿಸದೆ ಇದ್ದರೆ ಕಂಪ್ಯೂಟರೇ ಯಾರನ್ನಾದರೂ ಆರಿಸಿ ತಂಡಕ್ಕೆ ಹಾಕಿಬಿಡುತ್ತದೆ. ಹನ್ನೆರಡಕ್ಕೆ ಕರೆಂಟ್ ಬಂದು ನೋಡಿದರೆ ಒಳ್ಳೊಳ್ಳೆಯ ಆಟಗಾರರೆಲ್ಲ ಮಲ್ಲೇಶ್ವರ, ಕುಮಾರ ಪಾರ್ಕಿನ ಪಾಲಾಗಿದ್ದರು. ನಮ್ಮ ನಾಲ್ವರ ತಂಡಗಳಲ್ಲಿ ನಾವು ಹೆಸರೂ ಕೇಳದ ಜನ ತುಂಬಿಕೊಂಡಿದ್ದರು. ಇದು ನಡೆಯದು ಅಂತ ಆವತ್ತಿನ ಡ್ರಾಫ್ಟನ್ನು ರದ್ದು ಮಾಡಿ ಮುಂದಿನ ಭಾನುವಾರಕ್ಕೆ ಹಾಕಿದೆ. ನಾಲ್ಕೂವರೆಗೇ ಮಾಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಅಂತ ಗೆಳೆಯನಿಗೆ ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಅವನು ಅಲುಗಲಿಲ್ಲ. "ನೋಡು ಗುರು, ರಾಹುಕಾಲ ಎಷ್ಟು ಹೊತ್ತಿಗೆ ಬರತ್ತೆ ಅಂತ ಒಂದು ವರ್ಷ ಮುಂಚೆನೇ ಅಚ್ಚು ಹಾಕಿ ಕೊಡ್ತಾರೆ. ಕರೆಂಟಿಗಿಂತ ರಾಹುನೇ ವಾಸಿ."

ಮೇಷ್ಟ್ರ ಲೆಕ್ಕ

ಬ್ರೌಸಿಂಗ್ ಸೆಂಟರಿಗೆ ಬರುತ್ತಿದ್ದ ನಮ್ಮ ನಾಲ್ವರಲ್ಲಿ ಇನ್ನೊಬ್ಬರು ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ನಿವೃತ್ತರಾಗಿ ಆಗಲೇ ಕೆಲವು ವರ್ಷ ಆಗಿತ್ತು. ಆಟಗಾರರನ್ನು ಆರಿಸುವುದರಲ್ಲಿ ಅದೃಷ್ಟ ಅನ್ನುವುದೇನೂ ಇಲ್ಲ, ಅದು ಶುದ್ಧ ಗಣಿತ ಅಂತ ಅವರ ವಾದ. ಎರಡನೆಯ ಭಾನುವಾರದ ಡ್ರಾಫ್ಟಿಗೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಬ್ಬೊಬ್ಬ ಆಟಗಾರನಿಗೂ ಇಷ್ಟಿಷ್ಟು ಅಂತ ಲೆಕ್ಕ ಹಾಕಿಕೊಂಡು ಬಂದಿದ್ದರು. ನಮ್ಮಲ್ಲಿ ಅಷ್ಟು ಸಿದ್ಧತೆ ಯಾರದೂ ಇರಲಿಲ್ಲ.

ತೊಂದರೆ ಇದ್ದದ್ದು ಕೀಬೋರ್ಡಿನಲ್ಲಿ. ಒಂದು ಸರದಿಗೆ ಒಂದೂವರೆ ನಿಮಿಷ. ಅಷ್ಟರಲ್ಲಿ ಆಟಗಾರನ ಹೆಸರು ಟೈಪ್ ಮಾಡಬೇಕು. ಮೇಷ್ಟ್ರು ಟೈಪ್ ಮಾಡುತ್ತಿದ್ದದ್ದು ಬಲಗೈ ತೋರುಬೆರಳು ಒಂದರಲ್ಲೇ. ನೋಟ್‌ಬುಕ್ ನೋಡಿ, ಕನ್ನಡಕ ಮೇಲಕ್ಕೆತ್ತಿ, ಕೀಬೋರ್ಡಿನಲ್ಲಿ ಅಕ್ಷರ ಹುಡುಕಿ, ಒತ್ತಿ, ಸರಿಯಾಗಿ ಬಿತ್ತೋ ಇಲ್ಲವೋ ಅಂತ ಪರದೆಯ ಮೇಲೆ ನೋಡಿ, ಆಮೇಲೆ ಎರಡನೆಯ ಅಕ್ಷರ. ಅವರು ಮೊದಲು ಗುರುತು ಹಾಕಿದ್ದವನು ಹಾಲೆಂಡ್ ದೇಶದವನು, ಹೆಸರು ನಮ್ಮ ರೈಲಿನಷ್ಟು ಉದ್ದ. ಅರ್ಧ ಹೆಸರು ಆಗುವಷ್ಟರಲ್ಲಿ ಸಮಯ ಮುಗಿದು ಕಂಪ್ಯೂಟರು ಅವರಿಗೆ ಒಬ್ಬ ಗೋಲ್‌ಕೀಪರನ್ನು ಕೊಟ್ಟಿತು. ಎರಡನೆಯ ಸರದಿಯಲ್ಲೂ ಹೀಗೇ ಆಗಿ ಎರಡನೆಯ ಗೋಲ್‌ಕೀಪರ್ ಬಂದ. ಮೂರನೆಯದರಲ್ಲಿ ಮೂರನೆಯವನು. ತಂಡದಲ್ಲಿ ಆಡುವುದಕ್ಕೆ ಜಾಗ ಇರುವುದು ಒಬ್ಬ ಗೋಲ್‌ಕೀಪರಿಗೆ.

ನನಗೆ ಪಕ್ಕದ ಗೂಡಿನಲ್ಲಿ ಕೂತು ನೋಡಲಾಗಲಿಲ್ಲ. ಸಾರ್, ಹೆಸರು ಹೇಳಿ, ನಾನು ಟೈಪ್ ಮಾಡಿಕೊಡ್ತೀನಿ ಅಂತ ಎದ್ದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಪರೀಕ್ಷೇಲಿ ಪಕ್ಕದವನ ಸಹಾಯ ತಗೊಳ್ಳೋ ಅಭ್ಯಾಸ ನಿನಗಿತ್ತು, ನನಗಿಲ್ಲ. ಕೂತ್ಕೋ" ಅಂದರು. ಮೂವತ್ತು ದಾಟಿದ, ಬ್ಯಾಂಕಿನಲ್ಲಿ ಸಂಬಳ ಎಣಿಸುವ ನಾನು ಹೋಗಿ ಕೂತುಕೊಂಡೆ.

ಆಮೇಲೆ ಏನಾಯಿತೋ, ನಾಲ್ಕನೆಯ ಸರದಿಯಿಂದ ಅವರ ಆಯ್ಕೆಗಳು ಸರಸರನೆ ಬೀಳತೊಡಗಿದವು. ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟಿದ್ದರು. ಡ್ರಾಫ್ಟ್ ಮುಗಿಯಿತು. ಆ ವರ್ಷ ಪೂರ್ತಿ ಅವರ ತಂಡ ಮೊದಲ ಮೂರು ಸ್ಥಾನ ಬಿಟ್ಟು ಕೆಳಗಿಳಿಯಲಿಲ್ಲ. ಮಲ್ಲೇಶ್ವರದ ಮೂವರೂ ಸೇರಿ ಅವರಿಗೊಂದು ಮೇಲ್ ಹಾಕಿ, ನಿಮ್ಮ ಸೂತ್ರ ಏನು ಅಂತ ದಯವಿಟ್ಟು ತಿಳಿಸಬೇಕು ಅಂತ ಕೇಳಿಕೊಂಡರು. ಮೇಷ್ಟ್ರು ಎರಡು ದಿನ ಕೂತು ಉತ್ತರ ಟೈಪ್ ಮಾಡಿದರು. ಅದರಲ್ಲಿ ಇದ್ದದ್ದು ಒಂದೇ ಸಾಲು: "ಹೆಸರಿನಲ್ಲಿ ಐದಕ್ಕಿಂತ ಹೆಚ್ಚು ಅಕ್ಷರ ಇರುವ ಆಟಗಾರರನ್ನು ತೆಗೆದುಕೊಳ್ಳಬೇಡಿ."

ಅತ್ತೆಯವರ ಆರೋಗ್ಯ

ಕುಮಾರ ಪಾರ್ಕಿನವನನ್ನು ನಾವು ಯಾರೂ ನೋಡಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ಕಾಡುಕೋಣ. ವರ್ಷದ ಮಧ್ಯದಲ್ಲಿ ಒಂದು ದಿನ ತಂಡಗಳು ತಮ್ಮ ಆಟಗಾರರನ್ನು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳಬಹುದಿತ್ತು. ನನ್ನ ತಂಡದಲ್ಲಿದ್ದ ಒಬ್ಬ ಮಿಡ್‌ಫೀಲ್ಡರ್ ಮೇಲೆ ಕಾಡುಕೋಣನ ಕಣ್ಣು. ದಿನಕ್ಕೆರಡು ಮೇಲ್ ಬರುತ್ತಿತ್ತು. ನಾನು ಕೊಡುವುದಿಲ್ಲ ಅನ್ನುತ್ತಿದ್ದೆ. ಆದರೂ ಮಾತಿಗೆ ಮಾತು ಬೆಳೆದು ಒಂದು ಸ್ನೇಹ ಆಗಿತ್ತು, ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಳ್ಳುವಷ್ಟು.

ಅದಲುಬದಲಿನ ದಿನ ಶನಿವಾರ ಬಂತು. ನಡೆಸುವವನು ನಾನಾದ್ದರಿಂದ ಬೆಳಗ್ಗೆಯಿಂದ ಬ್ರೌಸಿಂಗ್ ಸೆಂಟರಿನಲ್ಲಿ ಕೂರಲೇಬೇಕು. ಶನಿವಾರ ಬ್ಯಾಂಕಿಗೆ ಅರ್ಧ ದಿನ ಕೆಲಸ. ನಮ್ಮ ಶಾಖೆಗೆ ಆಗತಾನೆ ವರ್ಗವಾಗಿ ಬಂದಿದ್ದ ಮ್ಯಾನೇಜರು ರಜೆ ಕೊಡುವ ವಿಷಯದಲ್ಲಿ ಬಹಳ ಬಿಗಿ. ಗುರುವಾರ ಸಂಜೆ ಕಾಡುಕೋಣನಿಗೆ ಇದನ್ನೆಲ್ಲ ಬರೆದೆ. ಚಾಮರಾಜಪೇಟೆಗೆ ಹೊಸ ಮ್ಯಾನೇಜರ್ ಬಂದಿದ್ದಾನೆ, ಮುಖದಲ್ಲಿ ನಗು ಅನ್ನುವುದೇ ಇಲ್ಲ, ಅತ್ತೆಗೆ ಎದೆನೋವು ಅಂತ ನಾಳೆ ಒಂದು ಚೀಟಿ ಬರೆದುಕೊಡುತ್ತೇನೆ, ಎದೆನೋವು ಅಂದರೆ ಎಂಥವನೂ ಕರಗಬೇಕು ಅಂತ ಬರೆದೆ. ಅವನಿಂದ ಉತ್ತರ ಬರಲಿಲ್ಲ.

ಶುಕ್ರವಾರ ರಜೆ ಚೀಟಿ ಹಿಡಿದು ಮ್ಯಾನೇಜರ ಕೋಣೆಗೆ ಹೋದೆ. ಅವರು ಅದನ್ನು ನಿಧಾನವಾಗಿ ಎರಡು ಸಲ ಓದಿದರು. ಅತ್ತೆಯವರಿಗೆ ಯಾವಾಗಿನಿಂದ ಹೀಗೆ ಅಂತ ವಿಚಾರಿಸಿದರು. ನಿನ್ನೆಯಿಂದ ಸಾರ್ ಅಂದೆ. ಡಾಕ್ಟರು ಏನು ಹೇಳಿದರು ಅಂತ ಕೇಳಿದರು. ನಾಳೆ ಪೂರ್ತಿ ಜೊತೆಗೆ ಒಬ್ಬರು ಇರಬೇಕಂತೆ ಸಾರ್ ಅಂದೆ. ಅವರು ಪೆನ್ನು ತೆಗೆದು, ಸಹಿ ಹಾಕಿ, ಚೀಟಿಯನ್ನು ನನ್ನ ಕಡೆ ತಳ್ಳಿದರು. ನಾನು ನಮಸ್ಕಾರ ಹೇಳಿ ತಿರುಗಿದೆ.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಕರೆದರು. ಮುಖದಲ್ಲಿ ನಿಜವಾಗಿಯೂ ನಗು ಇರಲಿಲ್ಲ. "ನೋಡಿ, ಆ ಮಿಡ್‌ಫೀಲ್ಡರನ್ನ ನಾಳೆ ನನಗೆ ಬಿಟ್ಕೊಟ್ರೆ ನಿಮ್ಮ ಅತ್ತೆಯವರು ಸೋಮವಾರಕ್ಕೆಲ್ಲಾ ಗುಣ ಆಗ್ತಾರೆ ಅಂತ ನನಗನ್ಸತ್ತೆ."

ಶನಿವಾರ ಬೆಳಗ್ಗೆ ನಾನು ಮಾಡಿದ ಮೊದಲನೆಯ ಕೆಲಸ ಅದೇ. ಅತ್ತೆಯವರು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ.

ಪಕ್ಕದ ಮನೆಯ ಜಾತಕ

ನಮ್ಮ ಮನೆಯಲ್ಲಿ ಫೋನು ಇದ್ದದ್ದು ಹಾಲಿನ ಕಿಟಕಿಯ ಪಕ್ಕ. ಕಿಟಕಿಯಾಚೆ ಮೋಟುಗೋಡೆ, ಅದರಾಚೆ ಪಕ್ಕದ ಮನೆಯಮ್ಮನ ತುಳಸಿಕಟ್ಟೆ. ಆಕೆಗೆ ಯಜಮಾನರು ಇರಲಿಲ್ಲ. ಒಬ್ಬಳೇ ಮಗಳು, ಒಂದು ಸ್ಕೂಲಿನಲ್ಲಿ ವಿಜ್ಞಾನ ಟೀಚರು. ಮಗಳಿಗೆ ಇಪ್ಪತ್ತೆಂಟಾಗಿತ್ತು. ಬಂದ ಎರಡು ಮೂರು ಸಂಬಂಧ ಕೊನೆಯ ಗಳಿಗೆಯಲ್ಲಿ ತಪ್ಪಿಹೋಗಿ ತಾಯಿ ತುಂಬಾ ನೊಂದಿದ್ದರು. ಇದೆಲ್ಲ ಬೀದಿಗೇ ಗೊತ್ತಿದ್ದ ವಿಷಯ.

ಒಂದು ಭಾನುವಾರ ಬೆಳಗ್ಗೆ ವಿಮಾ ಕಚೇರಿಯ ಗೆಳೆಯ ಫೋನ್ ಮಾಡಿದ. ಅವನ ತಂಡಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಅಂತ ಸಲಹೆ ಬೇಕಾಗಿತ್ತು. ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

"ಹುಡುಗ ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದರೆ ಮೂವತ್ತಮೂರಾಯ್ತು, ಮಂಡಿ ಬೇರೆ ಸರಿ ಇಲ್ಲ. ಹೋದ ವರ್ಷ ಎರಡು ಕಡೆ ಇದ್ದು ಬಿಟ್ಟು ಬಂದಿದ್ದಾನೆ. ಅದರ ಬದಲು ಇನ್ನೊಬ್ಬನ್ನ ನೋಡು. ಇಪ್ಪತ್ತಾರು, ಆರಡಿ ಎತ್ತರ, ಕೆಟ್ಟ ಅಭ್ಯಾಸ ಒಂದೂ ಇಲ್ಲ. ಬೇಗ ಹೇಳು, ಮಲ್ಲೇಶ್ವರದವರೂ ಕೇಳ್ತಾ ಇದಾರೆ."

ಆವತ್ತು ಸಂಜೆ ಪಕ್ಕದ ಮನೆಯಮ್ಮ ಒಂದು ಡಬ್ಬಿ ಕೋಡುಬಳೆ, ಅರಿಶಿನ ಹಚ್ಚಿದ ಒಂದು ಮಡಿಸಿದ ಕಾಗದ ಹಿಡಿದು ಬಂದರು. ಕಾಗದ ಮಗಳ ಜಾತಕ. ನೀನು ಸಂಬಂಧ ಕುದುರಿಸಿಕೊಡ್ತೀಯಾ ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲಪ್ಪಾ, ಆ ಇಪ್ಪತ್ತಾರರವನು ಬೇಡ, ನಮ್ಮವಳಿಗಿಂತ ಚಿಕ್ಕವನಾಗ್ತಾನೆ, ಬೇರೆ ಯಾರಾದರೂ ಇದ್ದರೆ ನೋಡು ಅಂದರು. ನಿಜ ಹೇಳೋಣ ಅಂತ ಬಾಯಿ ತೆರೆದೆ. ಆದರೆ ಎಷ್ಟೋ ದಿನದ ಮೇಲೆ ಆಕೆಯ ಮುಖದಲ್ಲಿ ಒಂದು ಆಸೆ ಕಂಡಿತ್ತು. ನೋಡ್ತೀನಮ್ಮ ಅಂದುಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಮಾರನೆಯ ದಿನದಿಂದ ನನಗೆ ನೆಮ್ಮದಿ ಹೋಯಿತು. ಹಾಲು ತರುವುದಕ್ಕೆ ಹೋದರೂ ಆಕೆ ಗೋಡೆಯ ಮೇಲಿಂದ, ಏನಾದರೂ ಆಯ್ತೇನಪ್ಪಾ ಅಂತ ಮೆತ್ತಗೆ ಕೇಳುತ್ತಿದ್ದರು. ಪ್ರಯತ್ನ ಮಾಡ್ತಿದೀನಮ್ಮ ಅನ್ನುತ್ತಿದ್ದೆ. ಆಮೇಲೆ ಹಿಂದಿನ ಓಣಿಯಿಂದ ಓಡಾಡತೊಡಗಿದೆ. ಒಬ್ಬ ತಾಯಿಗೆ ಸುಳ್ಳು ಹೇಳಿದೆನಲ್ಲ ಅಂತ ಊಟ ಸೇರುತ್ತಿರಲಿಲ್ಲ. ಹತ್ತು ದಿನವಾದ ಮೇಲೆ ಹೆಂಡತಿ ಅನ್ನ ಬಡಿಸುತ್ತಾ, ವಿಮಾ ಕಚೇರಿಯ ನಿಮ್ಮ ಗೆಳೆಯನಿಗೆ ಇನ್ನೂ ಮದುವೆ ಆಗಿಲ್ಲ ಅಲ್ವಾ ಅಂದಳು. ವರ್ಷವಿಡೀ ಅವನ ಜೊತೆ ಮಾತಾಡಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ.

ಜಾತಕ ಕೊಟ್ಟೆ. ಅವನಿಗೆ ಪುರೋಹಿತರು ಬೇಕಾಗಲಿಲ್ಲ, ತಾನೇ ಕೂತು ನೋಡಿ, ಚೆನ್ನಾಗಿ ಕೂಡಿಬರುತ್ತದೆ ಅಂದ. ಹೆಣ್ಣು ನೋಡುವುದಕ್ಕೆ ಬಂದಾಗ ಹುಡುಗಿ ಅವನನ್ನು ಕೇಳಿದ್ದು ಒಂದೇ, ಭಾನುವಾರ ಏನು ಮಾಡ್ತೀರಿ ಅಂತ. ಅವನು ಮುಚ್ಚಿಡದೆ ಫುಟ್‌ಬಾಲಿನ ವಿಷಯ ಎಲ್ಲಾ ಹೇಳಿದ. ನನಗೆ ಭಾನುವಾರವೆಲ್ಲ ಟೆಸ್ಟ್ ಪೇಪರ್ ತಿದ್ದೋ ಕೆಲಸ ಇರತ್ತೆ, ಮನೇಲಿ ಗಲಾಟೆ ಇಲ್ದಿದ್ರೆ ಸಾಕು ಅಂದಳಂತೆ. ಎರಡು ತಿಂಗಳಲ್ಲಿ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆ ಆಯಿತು.

ಊಟದ ಪಂಕ್ತಿಯಲ್ಲಿ ನಾನೂ ನನ್ನ ಹೆಂಡತಿಯೂ ಅಕ್ಕಪಕ್ಕ ಕೂತಿದ್ದೆವು. ಪಕ್ಕದ ಮನೆಯಮ್ಮ ಬಂದು ನನ್ನ ಎಲೆಗೆ ತಾವೇ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಬಿಟ್ಟರು. ಅಮ್ಮ, ಒಂದು ಮಾತು, ಆವತ್ತು ನಾನು ಫೋನಿನಲ್ಲಿ ಮಾತಾಡಿದ್ದು ಮದುವೆ ಗಂಡುಗಳ ವಿಷಯ ಅಲ್ಲ, ಇಂಗ್ಲೆಂಡಿನಲ್ಲಿ ಚೆಂಡು ಆಡೋರ ವಿಷಯ, ನಿಮಗೆ ಸುಳ್ಳು ಹೇಳಿದೆ, ಕ್ಷಮಿಸಬೇಕು ಅಂದೆ.

ಆಕೆ ತುಪ್ಪದ ಮಿಳ್ಳೆ ಕೆಳಗಿಟ್ಟು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಎಲೆಯಲ್ಲಿ ಇಲ್ಲದ ಕೋಸಂಬರಿಯನ್ನು ಹುಡುಕುತ್ತಿದ್ದಳು.

"ಗೊತ್ತಪ್ಪಾ. ಆವತ್ತು ಮಧ್ಯಾಹ್ನವೇ ನಿನ್ನ ಹೆಂಡತೀನ ಕೇಳಿ ಎಲ್ಲಾ ತಿಳ್ಕೊಂಡೆ. ಆ ಕಡೆ ಫೋನಲ್ಲಿದ್ದ ಹುಡುಗನಿಗೆ ಮದುವೆ ಆಗಿಲ್ಲ ಅಂತಾನೂ ಅವಳೇ ಹೇಳಿದ್ದು. ನೇರವಾಗಿ ಕೇಳಿದ್ರೆ ನೀನು ನೋಡೋಣ ಅಂದು ಮರೆತುಬಿಡ್ತಿದ್ದೆ. ದಿನಾ ಕೇಳಿ ಕಾಡಿದ್ದಕ್ಕೆ ನೋಡು, ಹದಿನೈದು ದಿನದೊಳಗೆ ಕರ್ಕೊಂಡು ಬಂದೆ."