ದನಿಯಿಲ್ಲದ ದೆವ್ವ

ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ಬೆಳಿಗ್ಗೆ, ಅಳಿಯ ಹಜಾರದ ಗೋಡೆಗೆ ಅಂಟಿದ್ದ ರಕ್ತ ಒರೆಸುತ್ತಿದ್ದ. ರಕ್ತವೆಂದರೆ ಬೀಟ್‌ರೂಟ್ ರಸ. ಮದುವೆ ವಿಡಿಯೋ ತೆಗೆಯುವ ಅವನಿಗೆ ದೆವ್ವದ ಸಿನಿಮಾ ಮಾಡುವ ಹುಚ್ಚು. ದೆವ್ವವಾಗಬೇಕಿದ್ದ ನಟಿ ಆ ರಸದ ಬಕೆಟ್ ನೋಡಿಯೇ ಪರಾರಿಯಾಗಿದ್ದಳು. ನಿವೃತ್ತ ಪೋಸ್ಟ್‌ಮ್ಯಾನ್ ಮಾವ, "ನಾನೇ ಆಗ್ತೀನಿ ಬಿಡಿ" ಎಂದು ಮೀಸೆ ಬೋಳಿಸಿ, ಬೆಡ್‌ಶೀಟ್ ಸುತ್ತಿಕೊಂಡು ನಿಂತಿದ್ದರು. ಅದು ಮೊನ್ನೆ; ಅಂದು ರಾತ್ರಿಯೇ ಆಸ್ಪತ್ರೆ ಸೇರಿದ್ದರು.

"ನಿಮ್ಮ ಸಿನಿಮಾನೇ ಅಪ್ಪನ್ನ ತಿಂದುಹಾಕ್ತು" ಎಂದಳು ಹೆಂಡತಿ.

"ಅಯ್ಯೋ, ಅವರು ಎಷ್ಟು ಖುಷಿಯಾಗಿದ್ರು ಗೊತ್ತಾ? ಬೇಕಾದ್ರೆ ತೋರಿಸ್ತೀನಿ."

ಸಮಾಧಾನ ಹೇಳಲು ಬಂದ ನೆರೆಯವರೂ ಟಿವಿಯ ಮುಂದೆ ಕೂತರು. ಪರದೆಯ ಮೇಲೆ ಹೊಗೆಯ ನಡುವೆ ಮಾವ ಬಾಯಿ ಆಡಿಸುತ್ತಿದ್ದರು, ದನಿಯಿರಲಿಲ್ಲ. ಶೂಟಿಂಗ್ ವೇಳೆ ಹೊಗೆ ಹಾರಿಸುವ ಫ್ಯಾನಿನ ಅರಚಾಟದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. "ಬಾಯಿಗೆ ಬಂದದ್ದು ಹೇಳಿ ಮಾವ, ದನಿ ಆಮೇಲೆ ಸೇರಿಸೋಣ" ಎಂದು ಅಳಿಯ ಮೊದಲೇ ತಿಳಿಸಿದ್ದ.

"ದನಿ ನಾನು ಕೊಡ್ಲಾ?" ಎಂದ ಪಕ್ಕದ ಮನೆಯ ಕ್ಷೌರಿಕ, ಬಾಲದ ಮೇಲೆ ಸ್ಕೂಟರ್ ಹತ್ತಿದ ನಾಯಿಯಂತೆ ಊಳಿಟ್ಟ.

"ಥೂ, ಸುಮ್ನಿರೋ!" ಎದುರುಮನೆ ಅಜ್ಜಿ ಗದರಿದರು. "ಅವರು 'ಪೋಸ್ಟ್' ಅಂತ ಕೂಗಿದ್ರೆ ನಮ್ಮನೆ ಬೆಕ್ಕೂ ಬಾಲ ಎತ್ಕೊಂಡು ಬಾಗಿಲಿಗೆ ಓಡ್ತಿತ್ತು, ಕಾಗದ ತನಗೇ ಬಂದ ಹಾಗೆ!"

ಎಲ್ಲರೂ ನಕ್ಕರು. ಹೆಂಡತಿಯ ತುಟಿಯೂ ಸಡಿಲಿತು. ಅಳಿಯನಿಗೆ ಜೀವ ಬಂತು. ಕಿವುಡು ಮಕ್ಕಳ ಶಾಲೆಯ ಟೀಚರಮ್ಮ ಮೂಲೆಯಲ್ಲಿ ಕೂತಿದ್ದರು.

"ಟೀಚರಮ್ಮ, ನೀವು ತುಟಿ ನೋಡೇ ಮಾತು ಓದ್ತೀರಲ್ಲ? ಮಾವ ಏನಂತಿದ್ದಾರೆ, ಇವಳಿಗೊಂದಿಷ್ಟು ಹೇಳಿ."

ಆಕೆ ನೋಡಿದರು. ಮುಖ ಬಾಡಿತು. "ಬೇಡ ಬಿಡಿ."

"ಹೇಳಿ ಅಂದ್ರೆ!"

"'ಅಳಿಯಂದಿರೇ, ಎದೆ ಹಿಂಡ್ತಿದೆ. ಒಂಚೂರು ಕೂತ್ಕೊಳ್ಳಲಾ?'"

ಪರದೆಯ ಅಂಚಿನಲ್ಲಿ ಒಂದು ಕೈ ಮೇಲೆದ್ದು, 'ಮತ್ತೊಮ್ಮೆ' ಎಂದು ಬೆರಳು ತೋರಿಸಿತು. ಅದು ಅಳಿಯನದೇ. 'ಭಲೇ ಮಾವ! ಮುಖದಲ್ಲಿ ಎಂಥಾ ನೋವು!' ಎಂದು ತಾನು ಕುಣಿದಾಡಿದ್ದು ಅವನಿಗೆ ನೆನಪಾಯಿತು. ಮಾವ ಬೆಡ್‌ಶೀಟ್ ಸರಿಪಡಿಸಿಕೊಂಡು ನೆಟ್ಟಗೆ ನಿಂತರು. ತುಟಿ ಮತ್ತೆ ಅಲುಗಿತು.

"ಈಗೇನಂದ್ರು?" ಕೇಳಿದವಳು ಹೆಂಡತಿ.

"'ಆಗ್ಲಿ. ಮಗಳಿಗೆ ಹೇಳ್ಬೇಡಿ, ನಿಮ್ಮನ್ನ ಬೈತಾಳೆ.'"

ಅಳಿಯ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಅವಳು ಬೈಯಲಿಲ್ಲ, ಎದ್ದುಹೋಗಿ ಪರದೆಯ ಮೇಲಿನ ಆ ಮುಖವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

ದೇವರೇ, ಆ ಜೀವವನ್ನು ನಿನ್ನ ಪಕ್ಕದಲ್ಲಿ ಕೂರಿಸಿಕೋ. ಶಾಂತಿ ಕೊಡು.