ಮಾಲೆಗೆ ಕಾಣದಂತೆ ಕುಡಿದ ಔಷಧ

ಬೇಡಕಿಹಾಳದ ಒಬ್ಬ ಕಾಕಾರಿಗೆ ಒಂದು ರೂಢಿ. ಬಾಯಿ ತೆರೆಯುವ ಮೊದಲು ಕೊರಳಿನ ತುಳಸಿಮಾಲೆ ಮುಟ್ಟಿಕೊಳ್ಳಬೇಕು. ಡಾಕ್ಟರು ಕುತ್ತಿಗೆ ಮುಟ್ಟಿ ನೋಡಲು ಹೋದರೆ ಅಲ್ಲಿ ಮೊದಲೇ ಕಾಕಾರ ಕೈ ಇರುತ್ತಿತ್ತು. ಎಂಬತ್ತರ ದಶಕ, ನಿಪ್ಪಾಣಿಯ ಒಂದು ದವಾಖಾನೆಯಲ್ಲಿ ರಕ್ತ ತೆಗೆಯುವವಳು ನಾನು. ನನಗೆ ಮಾತು ಕಡಿಮೆ. ದಿನಕ್ಕೊಂದು ಇಂಥದ್ದು ನಡೆಯುವ ಜಾಗದಲ್ಲಿ ನಗು ತಡೆದುಕೊಳ್ಳುವುದೇ ಅರ್ಧ ಕೆಲಸ.

೧. ಹಾರ್ಮೋನು

ಕಾಕಾರ ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು. ಮನೆತನದಲ್ಲಿ ಹರಿದು ಬರುವ ಜಾತಿಯದು. ತಮಗೂ ಇದೆಯೇನೋ ಎಂಬ ಅಂಜಿಕೆಗೆ ಕಾಕಾ ಊಟ ಬಿಟ್ಟಿದ್ದರು.

ನಾನು ನನ್ನ ಕಾನ್ವೆಂಟ್ ಕನ್ನಡದಲ್ಲಿ, "ನಿಮ್ಮ ರಕ್ತದಲ್ಲಿ ಹಾರ್ಮೋನ್ ನೋಡಬೇಕು" ಎಂದೆ.

ಕಾಕಾ ಮಾಲೆ ಮುಟ್ಟಿಕೊಂಡರು. "ತಂಗೀ, ಹಾರ್ಮೋನಿಯಂ ಬಾರ್ಸಾವ ನಮ್ಮ ತಮ್ಮ. ಅವನ ರಕ್ತ ನೋಡ್ರಿ."

೨. ಐಸು

ಗಡ್ಡೆ ಅಡಗಿ ಕೂತಿದ್ದರೆ ಒಂದು ಗುಟುಕು ವಿಸ್ಕಿ ಅದನ್ನು ಕೆಣಕಿ ಹಾರ್ಮೋನು ಏರಿಸುತ್ತದೆ. ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ ರಕ್ತ ತೆಗೆಯಬೇಕು. ಆಗ ಹಾಗೊಂದು ಪರೀಕ್ಷೆಯಿತ್ತು. ರಕ್ತ ಕೆಡದಂತೆ ಮುಂಬೈಗೆ ಕಳಿಸಲು ಐಸು ಬೇರೆ.

ಜೊತೆಗೆ ಬಂದಿದ್ದ ತಮ್ಮ ಮೇಜಿನ ಮೇಲೆ ಬಾಟಲಿ, ಗ್ಲಾಸು, ಐಸು ನೋಡಿದ. ಮುಖ ಅರಳಿತು.

"ಶೇಂಗಾ ತರ್ಲೇನ್ರಿ?"

"ಸುಮ್ನ ಕುಂಡ್ರಲೇ!" ಎಂದು ಗದರಿ ಕಾಕಾ ಡಾಕ್ಟರ ಕಡೆ ತಿರುಗಿದರು. "ವಿಠ್ಠಲನ ಮಾಲಿ ಹಾಕ್ಕೊಂಡಾವ ನಾ, ಹೆಂಗ ಕುಡೀಲ್ರಿ ಸಾಹೇಬ್ರ?"

"ಔಷಧ ಅಂತ ತಿಳ್ಕೋರಿ."

ಕಾಕಾ ಗ್ಲಾಸು ಮುಟ್ಟಲಿಲ್ಲ. ತಮ್ಮ ಮೆಲ್ಲಗೆ ಕುರ್ಚಿ ಹತ್ತಿರ ಎಳೆದ. "ಅಣ್ಣಾ, ನಿಂದೂ ನಾನ ಕುಡೀತೀನಿ. ರಕ್ತ ಒಂದ ಐತಲ್ಲ!"

೩. ಟವೆಲ್ಲು

ಕೊನೆಗೆ ಕಾಕಾ ಮಾಲೆಗೆ ಕಾಣದಂತೆ ಕೊರಳಿಗೆ ಟವೆಲ್ ಸುತ್ತಿಕೊಂಡರು. "ವಿಠ್ಠಲಾ, ಒಂದ ಚೂರ ಅತ್ಲಾಗ ನೋಡಪಾ" ಎಂದು ಕಣ್ಣು ಮುಚ್ಚಿ ಕುಡಿದರು. ನಾನು ಎರಡನೇ ಸಲ ರಕ್ತ ತೆಗೆದ ಮೇಲೆ, ಹೊರಗೆ ಕಾಯುತ್ತಿದ್ದ ಅವರ ಹೆಂಡತಿ ಕಾಕು ಬಂದು ಕಾಕಾರನ್ನು ಊರಿನ ಬಸ್ಸು ಹತ್ತಿಸಿಕೊಂಡು ಹೋದರು.

ರಿಪೋರ್ಟು ಕೇಳಲು ಕಾಕು ಒಬ್ಬರೇ ಬಂದರು.

"ಏನೂ ಇಲ್ಲರಿ. ಎಲ್ಲಾ ಚಲೋ ಐತಿ" ಎಂದೆ. ಅಷ್ಟರಲ್ಲಿ ನನಗೂ ಆ ಕಡೆಯ ಮಾತು ಹತ್ತಿತ್ತು.

ಕಾಕು ಸ್ಟೂಲಿನ ಮೇಲೆ ಧೊಪ್ಪನೆ ಕೂತರು. ಆಮೇಲೆ ಡಾಕ್ಟರ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು ನನ್ನ ಕಿವಿಯ ಹತ್ತಿರ ಬಂದರು.

"ಅಕ್ಕಾರ, ಲಗ್ನ ಆದಾಗಿಂದ 'ಏ ಇವಳ' ಅಂತಿದ್ದವ್ರು, ಆವತ್ತ ಬಸ್ಸಿನ್ಯಾಗ ನನ್ನ ಹೆಸರ ಹಿಡದು ಕರದ್ರು. ಕೈ ಹಿಡದಾವ್ರು ಊರ ಬರೂತನಾ ಬಿಡ್ಲಿಲ್ಲ. ಆ ಔಷಧದ ಚೀಟಿ ಒಂದ ಬರದ ಕೊಡ್ರಿ. ಟವೆಲ್ ನಾನ ಸುತ್ತತೀನಿ."