ಮಡಕೆ ಚೂರಿನ ಕೆಲಸ

ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರಿಗೆ ಈ ತಾಪತ್ರಯ ಇರುವುದಿಲ್ಲ. ನಾನು ಶಿವಮೊಗ್ಗದ ಒಂದು ಮ್ಯೂಸಿಯಂನಲ್ಲಿ, ಉತ್ಖನನದಲ್ಲಿ ಸಿಕ್ಕ ಏಳೆಂಟು ನೂರು ವರ್ಷ ಹಳೆಯ ಮಡಕೆ ಚೂರುಗಳನ್ನು ನೋಡಿಕೊಳ್ಳುತ್ತೇನೆ. ಹಾಗಂತ ಯಾರಿಗೆ ಹೇಳಿದರೂ ಏನಾದರೊಂದು ಆಗಿಯೇ ತೀರುತ್ತದೆ. ಹೊರಗಿನವರು ನಕ್ಕರೆ ನಾನೂ ನಗುತ್ತೇನೆ. ಆದರೆ ಭದ್ರಾವತಿಯಲ್ಲಿರುವ ಅಮ್ಮ ಒಂದು ಸಲ ಬಂದು ನನ್ನ ಕೆಲಸ ನೋಡಬೇಕು, ಮೆಚ್ಚಬೇಕು ಅಂತ ನನಗೆ ಬಹಳ ಆಸೆಯಿತ್ತು. ಕರೆದಾಗಲೆಲ್ಲ ಅವಳು "ನಾನ್ಯಾಕೆ ಮಾರಾಯ್ತಿ ಅಲ್ಲಿಗೆ" ಎಂದು ಮಾತು ತಿರುಗಿಸುತ್ತಿದ್ದಳು.

ಆಟೋದಲ್ಲಿ

ಸವಳಂಗ ರಸ್ತೆಯಲ್ಲಿ ಆಟೋ ಹತ್ತಿದೆ. ಡ್ರೈವರ್ ಒಳ್ಳೆ ಮಾತುಗಾರ.

"ಏನ್ ಕೆಲಸ ಮೇಡಂ ನಿಮ್ದು?"

"ಒಡೆದ ಮಡಕೆ ಚೂರು ತೊಳೀತೀನಿ."

"ತೊಳೆದು?"

"ನಂಬರ್ ಬರೆದು ಡಬ್ಬಿಯಲ್ಲಿ ಇಡ್ತೀನಿ."

"ಆಮೇಲೆ?"

"ಮತ್ತೆ ತೆಗೆದು ನೋಡ್ತೀನಿ."

ದುರ್ಗಿಗುಡಿ ಬರುವವರೆಗೂ ಅವನು ಕನ್ನಡಿಯಲ್ಲಿ ನನ್ನನ್ನು ಕನಿಕರದಿಂದ ನೋಡುತ್ತಿದ್ದ. ನಾನು ಇಳಿಯುವಾಗ ಮೆಲ್ಲಗೆ ಹೇಳಿದ, "ಧೈರ್ಯವಾಗಿರಿ ಮೇಡಂ. ಎಲ್ಲಾ ಸರಿಹೋಗುತ್ತೆ."

ಆಯುಧಪೂಜೆ

ಹಬ್ಬದ ದಿನ ತಡವಾಗಿ ಹೋದೆ. ಮೇಜಿನ ಮೇಲೆ ಒಣಗಲು ಇಟ್ಟಿದ್ದ ಚೂರುಗಳಿಗೆಲ್ಲ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ! ನಮ್ಮ ಅಟೆಂಡರ್ ಅಕ್ಕ ಕೈಮುಗಿದು ನಿಂತಿದ್ದರು. ನಾನು ಮೇಜಿನ ಹತ್ತಿರ ಓಡಿದೆ.

"ಅಕ್ಕಾ, ಏನಿದು!"

"ನಿಮ್ ಆಯುಧ ಇವೇ ಅಲ್ವಾ ಮೇಡಂ? ಕಂಪ್ಯೂಟರಿಗೆ ಇಟ್ಟೆ, ಪೊರಕೆಗೆ ಇಟ್ಟೆ. ಇವನ್ನ ಬಿಟ್ರೆ ಬೇಜಾರು ಮಾಡ್ಕೊಳಲ್ವಾ?"

ಬೈಯಲು ಮನಸ್ಸು ಬರಲಿಲ್ಲ. ಬ್ರಷ್ ಹಿಡಿದು ಒರೆಸುತ್ತ ಕೂತೆ. ಅಕ್ಕ ಪಕ್ಕದಲ್ಲೇ ನಿಂತು ಸಮಾಧಾನ ಹೇಳಿದರು, "ನಿಂಬೆಹಣ್ಣು ಮಾತ್ರ ಇಟ್ಟಿಲ್ಲ ಮೇಡಂ. ಇವೇನು ಎಲ್ಲಿಗೂ ಹೊರಡೋ ಹಂಗಿಲ್ವಲ್ಲ."

ಅಮ್ಮ ಬಂದಳು

ಚೂರುಗಳನ್ನು ಜೋಡಿಸಿ ಜೋಡಿಸಿ ಕೊನೆಗೊಂದು ಮಡಕೆ ಹೆಚ್ಚುಕಡಿಮೆ ಪೂರ್ತಿಯಾಯಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಸಂಭ್ರಮದಿಂದ ಅಮ್ಮನಿಗೆ ಫೋನ್ ಮಾಡಿದೆ.

"ನಿಮ್ ಸಾಹೇಬ್ರು ಇರ್ತಾರಾ?" ಎಂದಳು.

"ಇರ್ತಾರೆ."

"ಹಂಗಾದ್ರೆ ಬರ್ತೀನಿ."

ಬಸ್ಸಿಳಿದು ಬಂದವಳು ಒಂದು ಬಟ್ಟೆಚೀಲವನ್ನು ಎದೆಗವಚಿಕೊಂಡಿದ್ದಳು. ಒಳಗೆ ಸಾಲುಸಾಲಾಗಿ ಟ್ರೇಗಳಲ್ಲಿದ್ದ ಚೂರುಗಳನ್ನು ನೋಡಿ ಅವಳ ಮುಖ ಬಾಡಿತು.

"ಇಷ್ಟೂನಾ?" ಎಂದು ಪಿಸುಗುಟ್ಟಿದಳು.

"ಇಷ್ಟೇ ಅಲ್ಲಮ್ಮ, ಆ ರೂಮಲ್ಲಿ ಇನ್ನೂ ಇದಾವೆ!" ಎಂದೆ ಹೆಮ್ಮೆಯಿಂದ.

ಅವಳು ಗಾಜಿನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ನೇರ ಸಾಹೇಬರ ಕೋಣೆಗೆ ನಡೆದಳು. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಚೀಲದಿಂದ ಹೊಚ್ಚಹೊಸ ಮಣ್ಣಿನ ಮಡಕೆಯೊಂದನ್ನು ತೆಗೆದು ಅವರ ಮೇಜಿನ ಮೇಲಿಟ್ಟಾಗಿತ್ತು.

"ಸಾರ್, ಚಿಕ್ಕೋಳಿದ್ದಾಗಿಂದ ಇವಳ ಕೈಯಲ್ಲಿ ಒಂದು ಪಾತ್ರೆ ನಿಲ್ಲಲ್ಲ. ಆದ್ರೆ ಮನಸ್ಸು ಚಿನ್ನ ಸಾರ್. ಒಡೆದಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ. ಕೆಲಸದಿಂದ ಮಾತ್ರ ತೆಗೀಬೇಡಿ."

ಇಷ್ಟು ದಿನ ಅಮ್ಮ ಬಾರದೆ ಇದ್ದದ್ದು ತಾತ್ಸಾರದಿಂದಲ್ಲ, ಸಾಹೇಬರಿಗೆ ಹೇಗೆ ಮುಖ ತೋರಿಸುವುದು ಎಂಬ ಸಂಕೋಚದಿಂದ ಎಂದು ಆಗ ತಿಳಿಯಿತು. ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಸಾಹೇಬರು ಎದ್ದು ನಿಂತು, "ಅಮ್ಮಾ, ಇವರು ಒಂದನ್ನೂ ಒಡೆದಿಲ್ಲ. ಇವರ ಕೈಗೆ ಬರೋಕೆ ಮೊದ್ಲೇ ಅವೆಲ್ಲಾ ಒಡೆದಿದ್ವು" ಎಂದರು.

ಅಮ್ಮ ನನ್ನನ್ನೊಮ್ಮೆ ನೋಡಿ, ಮಡಕೆಯನ್ನು ಅವರ ಕಡೆ ಇನ್ನಷ್ಟು ಸರಿಸಿದಳು.

"ಮನೇಲೂ ಹಿಂಗೇ ಹೇಳ್ತಿದ್ಲು ಸಾರ್."